ಸ್ಟೇರಿಂಗ್ ಹಗುರ ಮಾಡಲು ಹೋದದ್ದು

ಒಂದು ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದರೆ ಮುಗಿಯುವ ಕೆಲಸ ಎಂದು ನಾನು ಮನೆಯಲ್ಲಿ ಎಲ್ಲರೆದುರು ಹೇಳಿದ್ದೆ. ಹಾಗೆ ಹೇಳಿಯೇ ಇಲ್ಲ ಎಂದು ವಾದಿಸುವ ಆಸೆ ಈಗಲೂ ಇದೆ. ಆದರೆ ಕೇಳಿಸಿಕೊಂಡವರು ಇಬ್ಬರಿದ್ದಾರೆ, ಇಬ್ಬರ ನೆನಪಿನ ಶಕ್ತಿಯೂ ಚೆನ್ನಾಗಿದೆ.

ನಾನು ಮಡಂತ್ಯಾರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆ ಇರುವುದು ಬಂಟ್ವಾಳ ಪೇಟೆ ದಾಟಿ ಮೂಡುಬಿದಿರೆ ರಸ್ತೆಯಲ್ಲಿ ಸ್ವಲ್ಪ ಮುಂದೆ, ಒಂದು ಗುಡ್ಡದ ಮೇಲೆ. ರಸ್ತೆಯಿಂದ ಮನೆಗೆ ಹತ್ತುವ ಮಣ್ಣಿನ ದಾರಿ ಮಳೆಗಾಲದಲ್ಲಿ ನೀರು ಹರಿಯುವ ತೋಡೋ ದಾರಿಯೋ ಎಂದು ಅದಕ್ಕೇ ಗೊತ್ತಿರುವುದಿಲ್ಲ. ಆ ಕಾರಣಕ್ಕೆ ನಮ್ಮ ಯಜಮಾನರು ಜಿನರಾಜ ಅವರು ಬಹಳ ವರ್ಷದ ಹಿಂದೆ ಒಂದು ಫೋರ್ ವೀಲ್ ಡ್ರೈವ್ ಜೀಪು ತೆಗೆದುಕೊಂಡಿದ್ದರು. ಇವತ್ತಿಗೂ ಅದೇ ನಮ್ಮ ವಾಹನ. ಈ ವರ್ಷ ಬೇಸಗೆಯಲ್ಲಿ ಯಜಮಾನರ ಎಡ ಮೊಣಕಾಲಿಗೆ ಆಪರೇಷನ್ ಆಯಿತು. ಕ್ಲಚ್ ಒತ್ತುವುದು ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಡ್ರೈವರ್ ಸೀಟು ನನ್ನ ಪಾಲಿಗೆ ಬಂತು. ಯಜಮಾನರು ಊರುಗೋಲು ಹಿಡಿದು ಪಕ್ಕದ ಸೀಟಿಗೆ ಬಡ್ತಿ ಪಡೆದರು.

ಮಳೆಗಾಲ ಪೂರ್ತಿ ನಾನೇ ಓಡಿಸಿದೆ. ಓಡಿಸುವುದರಲ್ಲಿ ತೊಂದರೆ ಇರಲಿಲ್ಲ, ತಿರುಗಿಸುವುದರಲ್ಲಿ ಇತ್ತು. ಸ್ಟೇರಿಂಗ್ ಅಷ್ಟು ಭಾರ. ಶಾಲೆಯ ಗೇಟಿನೊಳಗೆ ತಿರುಗಿಸುವಾಗ ನಾನು ಸೀಟಿನಿಂದ ಅರ್ಧ ಎದ್ದು, ರುಬ್ಬುವ ಕಲ್ಲು ತಿರುಗಿಸುವವಳ ಹಾಗೆ ಎರಡೂ ಕೈಯಲ್ಲಿ ಎಳೆಯಬೇಕಾಗುತ್ತಿತ್ತು. ಅಕ್ಟೋಬರ್ ಹೊತ್ತಿಗೆ ಬಲಭುಜ ನೋಯಲು ಶುರುವಾಯಿತು. ಬೋರ್ಡಿನ ಮೇಲೆ ಎತ್ತರದಲ್ಲಿ ಬರೆಯಲಾಗದೆ, ನನ್ನ ಪಾಠವೆಲ್ಲ ಬೋರ್ಡಿನ ಕೆಳಗಿನ ಅರ್ಧದಲ್ಲೇ ನಡೆಯುತ್ತಿತ್ತು.

ಪಾಣೆಮಂಗಳೂರಿನಲ್ಲಿ ಅಶ್ರಫನ ಗ್ಯಾರೇಜ್ ಉಂಟು. ಅವನು ನನ್ನ ಹಳೆಯ ವಿದ್ಯಾರ್ಥಿ. ವಿಜ್ಞಾನದಲ್ಲಿ ಅವನು ಪಡೆದ ಅಂಕಗಳನ್ನು ಇಲ್ಲಿ ಹೇಳುವುದು ಸೌಜನ್ಯವಲ್ಲ. ಒಂದು ಶುಕ್ರವಾರ ಸಂಜೆ ಜೀಪನ್ನು ಅವನಲ್ಲಿಗೆ ಒಯ್ದೆ.

"ಸ್ಟೇರಿಂಗ್ ಭಾರ ಆಗಿದೆ ಅಶ್ರಫ್. ಪವರ್ ಸ್ಟೇರಿಂಗಿನ ಪ್ರೆಶರ್ ಜಾಸ್ತಿ ಮಾಡಬೇಕು" ಎಂದೆ.

"ನೋಡುವ ಟೀಚರ್. ಇವತ್ತು ಇಲ್ಲೇ ಬಿಟ್ಟು ಹೋಗಿ. ಮೊದಲು ಸಣ್ಣ ಸಣ್ಣದ್ದು ನೋಡುವ, ಟಯರು..."

"ಟಯರು ಹೊಸತು. ಹೋದ ವರ್ಷ ಹಾಕಿಸಿದ್ದು" ಎಂದು ನಾನು ನಡುವೆಯೇ ತಡೆದೆ. "ಇದು ಹೈಡ್ರಾಲಿಕ್ಸ್. ಎಂಟನೇ ಕ್ಲಾಸಿನಲ್ಲಿ ನಾನೇ ನಿನಗೆ ಹೇಳಿಕೊಟ್ಟದ್ದು. ನೆನಪುಂಟಾ?"

ಅಶ್ರಫ್ ಕೈ ಒರೆಸಿಕೊಳ್ಳುತ್ತಾ ನೆಲ ನೋಡಿದ. "ಆ ದಿನ ನಾನು ರಜೆ ಇದ್ದೆ ಅಂತ ಕಾಣ್ತದೆ ಟೀಚರ್" ಎಂದ.

ರಜೆ ಇದ್ದವನ ಕೈಗೆ ಜೀಪು ಕೊಡುವುದು ಹೇಗೆ? ಅದೂ ಭಾನುವಾರ ನಮಗೆ ಜೀಪು ಬೇಕೇ ಬೇಕಿತ್ತು. ನಾನು ಅದನ್ನು ಹಾಗೆಯೇ ತಿರುಗಿಸಿಕೊಂಡು ಮನೆಗೆ ಬಂದೆ.

ಭಾನುವಾರದ ವಿಷಯ ಹೇಳಬೇಕು. ನನ್ನ ಅತ್ತೆಗೆ ಮೂಡುಬಿದಿರೆಯ ಹತ್ತಿರ ಒಬ್ಬರು ಅಕ್ಕ ಇದ್ದಾರೆ. ನಾವೆಲ್ಲ ದೊಡ್ಡಮ್ಮ ಎನ್ನುತ್ತೇವೆ. ಅತ್ತೆಗೆ ಎಪ್ಪತ್ತೆಂಟು, ದೊಡ್ಡಮ್ಮನಿಗೆ ಎಂಬತ್ತನಾಲ್ಕು. ಇಬ್ಬರೂ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಕಾರಣ ಒಂದು ಕಂಬ. ದೊಡ್ಡಮ್ಮನ ಮೊಮ್ಮಗಳ ಮದುವೆಯಲ್ಲಿ ಅತ್ತೆಗೆ ಕುರ್ಚಿ ಹಾಕಿಸಿದ್ದು ಕಂಬದ ಹಿಂದೆ. ಧಾರೆ ಎರೆದದ್ದು ತನಗೆ ಕಾಣಲಿಲ್ಲ ಎಂದು ಅತ್ತೆ. ಎದ್ದು ಬಂದು ನೋಡಬಹುದಿತ್ತಲ್ಲ ಎಂದು ದೊಡ್ಡಮ್ಮ. ಅಲ್ಲಿಗೆ ನಿಂತ ಮಾತು ಅಲ್ಲಿಯೇ ನಿಂತಿತ್ತು.

ಈಗ ದೊಡ್ಡಮ್ಮನ ಮಗ ಸುದರ್ಶನ ಫೋನ್ ಮಾಡಿದ್ದ. "ಅಮ್ಮ ಹೇಳ್ತಿದ್ದಾರೆ, ಭಾನುವಾರ ಚಿಕ್ಕಮ್ಮ ಊಟಕ್ಕೆ ಬರಲಿ ಅಂತ. ಅವರು ಬರದೆ ಊಟ ಮಾಡುವುದಿಲ್ಲವಂತೆ."

ಅತ್ತೆ ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದರು. ಅದರ ಅರ್ಥ ನಮಗೆ ತಿಳಿಯಿತು.

ಅತ್ತೆ ಜೀಪಿನಲ್ಲಿ ಮಾತ್ರ ಹೋಗುವವರು. ಕಾರಿನಲ್ಲಿ ಒಮ್ಮೆ ಕೂತರೆ ಏಳಲಾಗುವುದಿಲ್ಲ. ರಿಕ್ಷಾದಲ್ಲಿ ನಡು ಉಳಿಯುವುದಿಲ್ಲ. ಅಲ್ಲದೆ ದೊಡ್ಡಮ್ಮನ ಮನೆಗೆ ಹತ್ತುವ ದಾರಿ ನಮ್ಮ ದಾರಿಯನ್ನೂ ಮೀರಿಸುವಂಥದ್ದು. ಹಾಗಾಗಿ ಭಾನುವಾರದೊಳಗೆ ಸ್ಟೇರಿಂಗ್ ಹಗುರವಾಗಬೇಕು, ಅದನ್ನು ಹಗುರ ಮಾಡುವವಳು ನಾನು, ಎಂದು ಶುಕ್ರವಾರ ರಾತ್ರಿ ಊಟಕ್ಕೆ ಮೊದಲೇ ತೀರ್ಮಾನವಾಯಿತು. ತೀರ್ಮಾನ ಮಾಡಿದ್ದೂ ನಾನೇ.

ಶನಿವಾರ ಅರ್ಧ ದಿನದ ಶಾಲೆ. ಬರುವಾಗ ಪ್ರಯೋಗಾಲಯದಿಂದ ಎರಡು ಸಿರಿಂಜು, ಒಂದು ಪ್ಲಾಸ್ಟಿಕ್ ನಳಿಕೆ ತಂದೆ. ಜಗಲಿಯಲ್ಲಿ ಯಜಮಾನರನ್ನೂ ಅತ್ತೆಯನ್ನೂ ಕೂರಿಸಿ, ಸಣ್ಣ ಸಿರಿಂಜನ್ನು ಒತ್ತಿದರೆ ದೊಡ್ಡ ಸಿರಿಂಜು ಹೇಗೆ ಮೇಲೇಳುತ್ತದೆ ಎಂದು ತೋರಿಸಿದೆ.

"ಇದೇ ಪವರ್ ಸ್ಟೇರಿಂಗ್. ಎಣ್ಣೆಯ ಒತ್ತಡ ನಮ್ಮ ಪರವಾಗಿ ಕೆಲಸ ಮಾಡ್ತದೆ. ಒತ್ತಡ ಹೊಂದಿಸಿದರೆ ಮುಗಿಯಿತು. ಒಂದು ಸ್ಕ್ರೂ, ಅರ್ಧ ಸುತ್ತು."

ಅತ್ತೆ ಸಿರಿಂಜನ್ನೇ ನೋಡುತ್ತಾ ಕೇಳಿದರು: "ಇದು ಚುಚ್ಚುವುದು ಯಾರಿಗೆ?"

ಯಜಮಾನರು ಊರುಗೋಲಿನ ಮೇಲೆ ಗಲ್ಲ ಊರಿ, "ಅಶ್ರಫ್ ಎಂತ ಹೇಳಿದ?" ಎಂದರು.

"ಅವನು ಆ ಪಾಠಕ್ಕೆ ರಜೆ" ಎಂದೆ.

ಅತ್ತೆ ಮಧ್ಯಾಹ್ನದ ನಿದ್ರೆಗೆ ಹೋದ ಮೇಲೆ ನಾನು ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿದೆ. ಗಡ್ಡದ ಒಬ್ಬ ವಿದೇಶಿ, ನಮ್ಮದೇ ರೀತಿಯ ಹಳೆಯ ಜೀಪು. ಅವನು ಬಾನೆಟ್ ಎತ್ತಿ, ಸ್ಟೇರಿಂಗ್ ಬಾಕ್ಸಿನ ತಲೆಯ ಮೇಲಿನ ಒಂದು ಸ್ಕ್ರೂ ತೋರಿಸಿ, ಅದರ ನಟ್ ಸಡಿಲಿಸಿ, ಸ್ಕ್ರೂವನ್ನು ಬಲಕ್ಕೆ ತಿರುಗಿಸಿದ. ಆಮೇಲೆ ಓಡಿಸಿ ನೋಡಿ ಹೆಬ್ಬೆರಳು ಎತ್ತಿದ. ಅತ್ತೆಯ ನಿದ್ರೆ ಕೆಡಬಾರದೆಂದು ನಾನು ಶಬ್ದ ಪೂರ್ತಿ ತೆಗೆದು ನೋಡಿದ್ದೆ. ಸೊಸೆಯಾಗಿ ಅದು ನನ್ನ ಸದ್ಗುಣ. ಆದರೆ ಮುಂದಿನ ಎಲ್ಲ ಅನಾಹುತದ ಮೂಲವೂ ಅದೇ.

ನಮ್ಮ ಜೀಪಿನಲ್ಲಿ ಸ್ಕ್ರೂ ಸಿಕ್ಕಿತು. ಅರ್ಧ ಸುತ್ತು ಬಲಕ್ಕೆ ತಿರುಗಿಸಿದೆ. ನಿಂತ ಜೀಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನರ್ಧ ಸುತ್ತು ತಿರುಗಿಸಿದೆ. ಆಗಲೂ ಕಾಣಲಿಲ್ಲ. ಹಳೆಯ ಗಾಡಿಗೆ ಹೆಚ್ಚು ಔಷಧ ಬೇಕಾಗುತ್ತದೆ ಎಂದುಕೊಂಡು, ಕೈ ಸೋಲುವವರೆಗೆ ಬಿಗಿದು, ಪರೀಕ್ಷೆಗೆಂದು ಇಳಿಜಾರಿನಲ್ಲಿ ಹೊರಟೆ.

ಇಳಿಜಾರಿನ ಮಧ್ಯದಲ್ಲಿ ಬಲಕ್ಕೆ ಒಂದು ತಿರುವು. ಅಲ್ಲಿ ಲಿಲ್ಲಿ ಬಾಯಿಯವರ ಮನೆ. ತಿರುವಿನಲ್ಲಿ ಸ್ಟೇರಿಂಗನ್ನು ಬಲಕ್ಕೆ ಎಳೆದು, ತಿರುವು ಮುಗಿದಾಗ ಎಂದಿನಂತೆ ಕೈ ಸಡಿಲಿಸಿದೆ. ಸ್ಟೇರಿಂಗ್ ತಾನಾಗಿ ನೇರಕ್ಕೆ ಬರಬೇಕು. ಅದು ಬರಲಿಲ್ಲ. ಬಲಕ್ಕೆ ತಿರುಗಿದ್ದು ಬಲಕ್ಕೇ ಸಿಕ್ಕಿಕೊಂಡಿತ್ತು. ಜೀಪು ದಾರಿ ಬಿಟ್ಟು ಲಿಲ್ಲಿ ಬಾಯಿಯವರ ಅಂಗಳಕ್ಕೆ ಪ್ರವೇಶಿಸಿ, ಅಲ್ಲಿ ಒಣಗಲು ಹಾಕಿದ್ದ ತೆಂಗಿನ ಹೋಳುಗಳ ಮೇಲೆ ಒಂದು ದೊಡ್ಡ ಸುತ್ತು ಹಾಕಿ, ತುಳಸಿಗೆ ಕಟ್ಟಿಸುವ ಹಾಗೆ ಕಟ್ಟೆ ಕಟ್ಟಿಸಿದ್ದ ಅವರ ಶಿಲುಬೆಗೆ ಮೂರಡಿ ದೂರದಲ್ಲಿ ನಿಂತಿತು. ಚಕ್ರದ ಕೆಳಗಿನಿಂದ ಪಟಪಟ ಶಬ್ದ ಇನ್ನೂ ಬರುತ್ತಿತ್ತು.

ಲಿಲ್ಲಿ ಬಾಯಿ ಹೊರಗೆ ಬಂದು, ಸೊಂಟಕ್ಕೆ ಕೈಯಿಟ್ಟು, ಹೋಳುಗಳನ್ನೂ ನನ್ನನ್ನೂ ನಿಧಾನವಾಗಿ ನೋಡಿದರು.

"ನಾಳೆ ಗಾಣಕ್ಕೆ ಕೊಂಡುಹೋಗಲಿಕ್ಕೆ ಇತ್ತು ಟೀಚರ್" ಎಂದರು. "ನೀವು ಇಲ್ಲಿಯೇ ಎಣ್ಣೆ ತೆಗೆದ್ರಲ್ಲ."

ನಮ್ಮ ಮನೆಯಲ್ಲಿ ಒಣಗಿಸಿಟ್ಟಿದ್ದ ಕೊಬ್ಬರಿಯೆಲ್ಲ ಅದೇ ಸಂಜೆ ಅವರ ಮನೆಗೆ ಹೋಯಿತು. ಹೊತ್ತುಕೊಂಡು ಹೋದವಳು ನಾನೇ. ನೋಯುವ ಭುಜದಲ್ಲಿ, ಎರಡು ಸಲ.

ತಪ್ಪಾದರೆ ತಿದ್ದಿಕೊಳ್ಳಬೇಕು ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಜೀಪನ್ನು ಹೇಗೋ ಎಳೆದಾಡಿ ಮನೆಗೆ ಹತ್ತಿಸಿ ತಿದ್ದಲು ಕೂತೆ. ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಬೇಕು, ಸರಿ. ಎಷ್ಟು ಸುತ್ತು? ಬಿಗಿಯುವಾಗ ಎರಡು ಅರ್ಧ ಸುತ್ತುಗಳ ನಂತರ ಎಣಿಸಿರಲಿಲ್ಲ. ಅಂದಾಜಿನಲ್ಲಿ ತಿರುಗಿಸುತ್ತಾ ಹೋದೆ. ಸ್ವಲ್ಪ ಹೆಚ್ಚೇ ಆದರೆ ಸ್ಟೇರಿಂಗ್ ಇನ್ನೂ ಹಗುರವಾಗುತ್ತದಲ್ಲ ಎಂಬ ದುರಾಸೆಯೂ ಸೇರಿಕೊಂಡಿತು. ಕೊನೆಗೆ ಸ್ಟೇರಿಂಗ್ ಅಲ್ಲಾಡಿಸಿ ನೋಡಿದರೆ, ಕಾಲು ಸುತ್ತು ಆಚೆ ಕಾಲು ಸುತ್ತು ಈಚೆ ತಿರುಗಿಸಿದರೂ ಚಕ್ರಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ.

ಯಜಮಾನರು ಪಕ್ಕದಲ್ಲಿ ನಿಂತು ನೋಡಿ, "ಈಗ ಇದು ಸರ್ಕಾರಿ ಕಚೇರಿಯ ಹಾಗೆ ಆಯ್ತು. ನಾವು ಇಲ್ಲಿ ಹೇಳಿದ್ದು ಅಲ್ಲಿಗೆ ತಲುಪುವಾಗ ಹೊತ್ತಾಗ್ತದೆ" ಎಂದರು.

"ಹಗುರ ಆಗಿದೆಯೋ ಇಲ್ಲವೋ?"

"ಕಾಲು ಸುತ್ತಿನವರೆಗೆ ಹಗುರ. ಆಮೇಲೆ ಮೊದಲಿನಷ್ಟೇ ಭಾರ. ಪದ್ಮಾ, ಅಶ್ರಫನಿಗೆ ಫೋನ್ ಮಾಡುವ ಮಾರಾಯ್ತಿ."

"ನಾಳೆ ಬೆಳಿಗ್ಗೆ ನೋಡಿ" ಎಂದೆ. ಈ ಮಾತನ್ನು ಸಿಟ್ಟಿನಲ್ಲಿ ಹೇಳಬಾರದು. ಹೇಳಿದರೆ ಬೆಳಿಗ್ಗೆ ಏನಾದರೂ ತೋರಿಸಬೇಕಾಗುತ್ತದೆ.

ಬೆಳಿಗ್ಗೆ ತೋರಿಸಲು ನನ್ನಲ್ಲಿ ಉಳಿದದ್ದು ಎಣ್ಣೆ ಮಾತ್ರ. ಪವರ್ ಸ್ಟೇರಿಂಗಿನ ಎಣ್ಣೆ ಒಂದು ಸಣ್ಣ ಡಬ್ಬಿಯಲ್ಲಿರುತ್ತದೆ. ಅದರಲ್ಲಿ ಎಲ್ಲಿಯವರೆಗೆ ಇರಬೇಕು ಎಂದು ಎರಡು ಗೆರೆಗಳಿದ್ದವು. ಎಣ್ಣೆ ಆ ಎರಡು ಗೆರೆಗಳ ನಡುವೆಯೇ ಇತ್ತು. ಆದರೆ ಹೆಚ್ಚು ಎಣ್ಣೆ, ಹೆಚ್ಚು ಒತ್ತಡ, ಹೆಚ್ಚು ಸಹಾಯ ಎಂದು ನನ್ನ ತರ್ಕ ಹೇಳಿತು. ಯಜಮಾನರು ಯಾವಾಗಲೋ ತಂದಿಟ್ಟಿದ್ದ ಸ್ಟೇರಿಂಗ್ ಎಣ್ಣೆಯ ಕ್ಯಾನಿನಿಂದ ಡಬ್ಬಿಯ ಬಾಯಿಯವರೆಗೆ ತುಂಬಿಸಿ ಮುಚ್ಚಳ ಒತ್ತಿದೆ. ಮುಚ್ಚಳದ ಸುತ್ತ ಸ್ವಲ್ಪ ಉಕ್ಕಿತು. ಬಟ್ಟೆಯಲ್ಲಿ ಒರೆಸಿದೆ. ಕಾಣುವ ಕಡೆಯೆಲ್ಲ ಒರೆಸಿದೆ ಎಂಬುದನ್ನು ದಾಖಲಿಸಲು ಇಷ್ಟಪಡುತ್ತೇನೆ.

ಒಂಬತ್ತೂವರೆಗೆ ಹಸಿರು ಸೀರೆಯುಟ್ಟು ಅತ್ತೆ ಬಂದರು. ಮಣೆಯ ಮೇಲೆ ಕಾಲಿಟ್ಟು ಹಿಂದಿನ ಸೀಟಿಗೆ ಹತ್ತಿ, ತೊಡೆಯ ಮೇಲೆ ಒಂದು ಚೀಲ ಇಟ್ಟುಕೊಂಡರು. ಅಕ್ಕನಿಗೆಂದು ಮಾಡಿದ ಎಳ್ಳುಂಡೆ ಅದರಲ್ಲಿತ್ತು.

"ಸರಿ ಆಯ್ತಾ?" ಎಂದು ಕೇಳಿದರು.

"ಆಯ್ತು ಅತ್ತೆ" ಎಂದೆ.

ಯಜಮಾನರು ಕೆಮ್ಮಿದರು. ಅವರಿಗೆ ಕೆಮ್ಮು ಇರಲಿಲ್ಲ.

ಮುಖ್ಯರಸ್ತೆಗೆ ಇಳಿದ ಮೇಲೆ ಜೀಪು ನೇರ ರಸ್ತೆಯಲ್ಲೂ ಆಚೆ ಈಚೆ ತೂಗುತ್ತಿತ್ತು. ನಾನು ಬಲಕ್ಕೆ ಕಾಲು ಸುತ್ತು, ಎಡಕ್ಕೆ ಕಾಲು ಸುತ್ತು ಹಾಕುತ್ತಾ, ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದೆ. ಹಿಂದೆ ಬಸ್ಸುಗಳು ಹಾರ್ನ್ ಮಾಡಿ ಮಾಡಿ ಕೊನೆಗೆ ದಾಟಿ ಹೋದವು. ಒಂದು ಬಸ್ಸಿನ ಕಂಡಕ್ಟರ್ ಬಾಗಿಲಿನಲ್ಲಿ ನೇತಾಡುತ್ತಾ ನನ್ನನ್ನು ನೋಡಿ, ಗುರುತಿಸಿ, "ನಮಸ್ತೆ ಟೀಚರ್" ಎಂದ. ಹಳೆಯ ವಿದ್ಯಾರ್ಥಿಗಳು ಎಲ್ಲೆಡೆ ಇರುವುದು ಒಂದು ಶಾಪ.

ನಾಲ್ಕೈದು ತಿರುವು ಕಳೆದ ಮೇಲೆ ಬಾನೆಟ್ಟಿನೊಳಗಿನಿಂದ ಒಂದು ಕೀರಲು ಶಬ್ದ ಬಂತು. ಪ್ರತಿ ತಿರುವಿಗೂ ಬಂತು.

"ನವಿಲು" ಎಂದರು ಅತ್ತೆ.

ಮುಂದಿನ ತಿರುವಿನಲ್ಲಿ ಮತ್ತೆ ಬಂದಾಗ, "ನಮ್ಮ ಜೊತೆಯೇ ಬರ್ತಾ ಉಂಟಲ್ಲ" ಎಂದರು.

ಅದು ಬೆಲ್ಟು. ನಾನು ಉಕ್ಕಿಸಿದ ಎಣ್ಣೆ ನನಗೆ ಕಾಣದ ಕಡೆಯಿಂದ ಇಳಿದು ಪವರ್ ಸ್ಟೇರಿಂಗಿನ ಪಂಪನ್ನು ತಿರುಗಿಸುವ ಬೆಲ್ಟನ್ನು ಚೆನ್ನಾಗಿ ನೆನೆಸಿತ್ತು. ಬೆಲ್ಟು ಹಿಡಿತ ಸಿಗದೆ ಜಾರುತ್ತಿತ್ತು. ಇದು ನನಗೆ ಆಮೇಲೆ ತಿಳಿದದ್ದು. ಆಗ ತಿಳಿದದ್ದು ಇಷ್ಟೇ: ಸಿದ್ದಕಟ್ಟೆ ಇನ್ನು ಸ್ವಲ್ಪ ದೂರ ಇದೆ ಎನ್ನುವಾಗ ಕೀರಲು ಶಬ್ದ ದೊಡ್ಡದಾಗಿ, ಪಟ್ಟೆಂದು ಏನೋ ಕಳಚಿ, ಬಾನೆಟ್ಟಿನ ಸಂದಿಯಿಂದ ಎಣ್ಣೆ ಸುಟ್ಟ ಹೊಗೆ ಬಂತು. ಸ್ಟೇರಿಂಗ್ ಬಂಡೆಯಾಯಿತು.

ರಸ್ತೆ ಎಡಕ್ಕೆ ತಿರುಗುತ್ತಿತ್ತು, ನಾವು ತಿರುಗುತ್ತಿರಲಿಲ್ಲ. ನಾನು ಎದ್ದು ನಿಂತ ಹಾಗೆ ಸ್ಟೇರಿಂಗನ್ನು ತಳ್ಳಿದೆ. ಯಜಮಾನರು ಊರುಗೋಲಿನ ಬಾಗಿದ ಹಿಡಿಯನ್ನು ಸ್ಟೇರಿಂಗಿಗೆ ಸಿಕ್ಕಿಸಿ ತಮ್ಮ ಕಡೆಗೆ ಎಳೆದರು. ನಾನು ತಳ್ಳಿದೆ, ಅವರು ಎಳೆದರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ನಾವಿಬ್ಬರೂ ಒಂದೇ ದಿಕ್ಕಿಗೆ ಬಲ ಹಾಕಿದ್ದು ಅದೇ ಮೊದಲು. ಜೀಪು ತಿರುಗಿ, ಬೀಗ ಹಾಕಿದ ಒಂದು ಅಂಗಡಿಯ ಎದುರು ನಿಂತಿತು. ಹಿಂದಿನ ಸೀಟಿನಲ್ಲಿ ಅತ್ತೆ ಕಣ್ಣು ಮುಚ್ಚಿ ನಮ್ಮ ಜೈನರ ಣಮೋಕಾರ ಮಂತ್ರ ಹೇಳುತ್ತಿದ್ದರು. ಮುಗಿಸಿ ಕಣ್ಣು ತೆರೆದು, "ಮೂಡುಬಿದಿರೆ ಬಂತಾ?" ಎಂದರು.

ಆಗ ಹನ್ನೊಂದು ಗಂಟೆ.

ಅಶ್ರಫನಿಗೆ ಫೋನ್ ಮಾಡಿ ಕೀರಲು ಶಬ್ದ, ಹೊಗೆ ಎಲ್ಲ ಹೇಳಿದೆ. ಅವನು ಫರಂಗಿಪೇಟೆಯಲ್ಲಿ ಯಾರೋ ಹತ್ತಿರದವರ ಮದುವೆಯಲ್ಲಿದ್ದ. "ಬಡಿಸುವ ಜವಾಬ್ದಾರಿ ನನ್ನದು ಟೀಚರ್. ಮುಗಿಸಿದ ತಕ್ಷಣ ಬರ್ತೇನೆ. ನೀವು ಅಲ್ಲಿವರೆಗೆ" ಎಂದು ಒಂದು ಕ್ಷಣ ತಡೆದು, "ಏನನ್ನೂ ಮುಟ್ಟಬೇಡಿ" ಎಂದ.

ಸುದರ್ಶನನಿಗೂ ಫೋನ್ ಮಾಡಿ ವಿಷಯ ಹೇಳಿದೆ. ಅವನು ತಾಯಿಗೆ ಕೂಗಿ ಹೇಳುವುದು ಕೇಳಿಸಿತು. ದೊಡ್ಡಮ್ಮನಿಗೆ ಕಿವಿ ಮಂದ. ಆಮೇಲೆ ಅವನು ಸಂಕೋಚದಿಂದ ಹೇಳಿದ: "ಅಮ್ಮ ಕೇಳ್ತಿದ್ದಾರೆ, ಒಂಬತ್ತು ವರ್ಷದಿಂದಲೂ ಸ್ಟೇರಿಂಗ್ ಹಾಳಾಗಿತ್ತಾ ಅಂತ. ನಾನು ಕಾರು ತರ್ತೇನೆ ಅತ್ತಿಗೆ."

ಅತ್ತೆಗೆ ಹೇಳಿದೆ. ಅವರು ತಲೆಯಾಡಿಸಿದರು. "ಅವಳ ಕಾರಿನಲ್ಲಿ ಹೋದರೆ ಅವಳೇ ಕರೆದುಕೊಂಡು ಬಂದ ಹಾಗಾಗ್ತದೆ. ನಾನು ನನ್ನ ಮನೆಯ ಗಾಡಿಯಲ್ಲಿ ಹೋಗ್ತೇನೆ."

"ಹಾಗಾದರೆ ದೊಡ್ಡಮ್ಮ ಊಟ ಮಾಡಲಿ ಅಂತ ಹೇಳುವ" ಎಂದೆ.

ಸುದರ್ಶನ ಮತ್ತೆ ಕೂಗಿದ, ಮತ್ತೆ ಉತ್ತರ ತಂದ. "ಮಾಡುವುದಿಲ್ಲವಂತೆ. ಬರುವವರೆಗೆ ಕಾಯ್ತಾರಂತೆ."

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ದೊಡ್ಡಮ್ಮ ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದವರು. ನಾವು ಕತ್ತಲೆಗೆ ಮೊದಲು ತಲುಪದಿದ್ದರೆ ಎಂಬತ್ತನಾಲ್ಕು ವರ್ಷದ ಜೀವ ಮರುದಿನದವರೆಗೆ ಉಪವಾಸ. ಅತ್ತೆಯೂ ಹಾಗೆಯೇ. ಬಾಳೆಹಣ್ಣು ತಂದುಕೊಟ್ಟರೆ ದೂರ ಸರಿಸಿ, "ಅಕ್ಕ ಉಣ್ಣದೆ ನನಗೆ ಬೇಡ" ಎಂದರು. ಒಂಬತ್ತು ವರ್ಷ ಆ ಹೆಸರನ್ನೇ ಎತ್ತದವರು. ನಾನೂ ಯಜಮಾನರೂ ಹತ್ತಿರದ ಹೋಟೆಲಿನಿಂದ ಬನ್ಸ್ ತಂದು, ಜೀಪಿನ ಹಿಂದೆ ಕಳ್ಳರ ಹಾಗೆ ನಿಂತು ತಿಂದೆವು.

ಅಂಗಡಿಯ ಜಗಲಿಯಲ್ಲಿ ಕೂತು ಹೊತ್ತು ಹೋಗದೆ ಯಜಮಾನರು ನನ್ನ ಮೊಬೈಲ್ ಕೇಳಿದರು. ನಾನು ನೋಡಿದ ವಿಡಿಯೋವನ್ನು ಅವರು ಶಬ್ದ ಸಮೇತ ಹಾಕಿದರು. ಅರ್ಧಕ್ಕೆ ನಿಲ್ಲಿಸಿ, ಮತ್ತೆ ಮೊದಲಿನಿಂದ ಕೇಳಿದರು.

"ಪದ್ಮಾ, ಇವನ ಸ್ಟೇರಿಂಗ್ ತೀರಾ ಹಗುರವಂತೆ."

"ಆಮೇಲೆ?"

"ಅದನ್ನು ಭಾರ ಮಾಡುವುದು ಹೇಗೆ ಅಂತ ತೋರಿಸ್ತಿದ್ದಾನೆ."

ನಾನು ರಸ್ತೆಯ ಕಡೆ ನೋಡುತ್ತಾ ಕೂತೆ. ನೋಡಲು ಅಲ್ಲಿ ಏನೂ ಇರಲಿಲ್ಲ.

ಮೂರೂವರೆಗೆ ಅಶ್ರಫ್ ಬೈಕಿನಲ್ಲಿ ಬಂದ. ಮದುವೆಯ ಬಿಳಿ ಅಂಗಿ, ಅತ್ತರಿನ ಪರಿಮಳ, ಹೆಗಲಿಗೆ ಹೊಸ ಬೆಲ್ಟು. ಬರುವ ದಾರಿಯಲ್ಲಿ ಗ್ಯಾರೇಜಿಗೆ ಹೋಗಿ ತಂದಿದ್ದ. ಅವನು ಬಾನೆಟ್ ಎತ್ತಲಿಲ್ಲ. ನನ್ನನ್ನು ಏನೂ ಕೇಳಲಿಲ್ಲ. ನೇರವಾಗಿ ಮುಂದಿನ ಚಕ್ರದ ಹತ್ತಿರ ಹೋಗಿ ಬೂಟಿನಿಂದ ಒಂದು ಒದ್ದ. ಆಚೆ ಹೋಗಿ ಇನ್ನೊಂದನ್ನು ಒದ್ದ.

"ಟೀಚರ್, ಇದಕ್ಕೆ ಗಾಳಿ ಯಾವಾಗ ಹಾಕಿಸಿದ್ದು?"

ನಾನು ಯೋಚಿಸಿದೆ.

"ಅರ್ಧಕ್ಕಿಂತ ಕಮ್ಮಿ ಉಂಟು. ಎರಡರಲ್ಲೂ. ತನ್ನಷ್ಟಕ್ಕೆ ಎರಡರಲ್ಲೂ ಇಷ್ಟೊಂದು ಇಳಿಯುವುದಿಲ್ಲ. ಯಾರೋ ಬೇಕಂತ ಬಿಟ್ಟಿದ್ದಾರೆ. ಗಾಳಿ ಇಲ್ಲದಿದ್ರೆ ಯಾವ ಪವರ್ ಸ್ಟೇರಿಂಗೂ ಭಾರವೇ."

ನನಗೆ ಜೂನ್ ತಿಂಗಳು ನೆನಪಾಯಿತು. ಮೊದಲ ಮಳೆಗೆ ನಮ್ಮ ದಾರಿಯಲ್ಲಿ ಜೀಪು ಜಾರಿತ್ತು. ಟಯರಿನ ಗಾಳಿ ಇಳಿಸಿದರೆ ಅದು ಅಗಲವಾಗಿ ಕೆಸರಿನಲ್ಲಿ ಹಿಡಿತ ಹೆಚ್ಚುತ್ತದೆ ಎಂದು, ಕೊಡೆ ಹಿಡಿದುಕೊಂಡು, ಒಂದು ಮೊಳೆಯಿಂದ ವಾಲ್ವ್ ಒತ್ತಿ ನಾನೇ ಸ್ವತಃ ಗಾಳಿ ಬಿಟ್ಟಿದ್ದೆ. ಬಹಳ ಹೆಮ್ಮೆಯಿಂದ ಒಂಬತ್ತನೇ ಕ್ಲಾಸಿನಲ್ಲಿ ಉದಾಹರಣೆಯಾಗಿಯೂ ಹೇಳಿದ್ದೆ. ಮಳೆ ನಿಂತ ಮೇಲೆ ತುಂಬಿಸಬೇಕು ಎಂಬ ಭಾಗ ಮಾತ್ರ ಪಾಠದಲ್ಲಿ ಸೇರಿರಲಿಲ್ಲ.

ಯಜಮಾನರು ನನ್ನ ಮುಖ ನೋಡಿದರು. ಅವರಿಗೂ ನೆನಪಾಗಿತ್ತು. ಆದರೆ ಅವರು ಹೇಳಲಿಲ್ಲ. ಅದು ಅವರ ದೊಡ್ಡತನ. ಹೇಳಿದ್ದು ಅತ್ತೆ.

"ಇವಳೇ ಬಿಟ್ಟದ್ದು. ಕೊಡೆ ಹಿಡ್ಕೊಂಡು. ನಾನು ಕಿಟಕಿಯಿಂದ ನೋಡಿದ್ದೇನೆ."

ಅಶ್ರಫ್ ನಗಲಿಲ್ಲ. ಅವನನ್ನು ಒಂದು ಇಡೀ ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಆ ಹೊತ್ತಿನಲ್ಲಿ ಅವನು ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಆಗ್ತದೆ ಟೀಚರ್, ಮರೆತು ಹೋಗ್ತದೆ" ಎಂದು, ಅಂಗಿಯ ತೋಳು ಮಡಚಿ, ನಮ್ಮನ್ನೂ ಕೂರಿಸಿಕೊಂಡು, ಸ್ಟೇರಿಂಗ್ ಹಿಡಿದು ಹೆಣಗಾಡುತ್ತಾ ಜೀಪನ್ನು ಮುಂದಿನ ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ತುಂಬಿಸಿದ. "ಈಗ ಒಮ್ಮೆ ತಿರುಗಿಸಿ ನೋಡಿ" ಎಂದ. ಬೆಲ್ಟು ಇನ್ನೂ ಹಾಕಿರಲಿಲ್ಲ. ಆದರೂ ನಾನು ಇಷ್ಟು ತಿಂಗಳು ಎಳೆದಾಡಿದ್ದಕ್ಕಿಂತ ಅದು ಹೆಚ್ಚು ಭಾರವಿರಲಿಲ್ಲ.

ಆಮೇಲೆ ಅವನು ಎಣ್ಣೆ ಒರೆಸಿ, ಹೆಚ್ಚಿನದನ್ನು ಹೊರಗೆ ತೆಗೆದು, ಹೊಸ ಬೆಲ್ಟು ಹಾಕಿ, ಕೊನೆಗೆ ಆ ಸ್ಕ್ರೂವಿನ ಹತ್ತಿರ ಬಂದ. ಕಣ್ಣು ಮುಚ್ಚಿ, ಒಂದು ಕೈ ಸ್ಟೇರಿಂಗಿನ ದಂಡದ ಮೇಲೆ, ಇನ್ನೊಂದು ಸ್ಕ್ರೂವಿನ ಮೇಲೆ ಇಟ್ಟು ಸ್ವಲ್ಪ ಸ್ವಲ್ಪ ತಿರುಗಿಸಿದ. ಎಷ್ಟು ಸುತ್ತು ಎಂದು ನಾನು ಕೇಳಿದೆ. "ಲೆಕ್ಕ ಇಲ್ಲ ಟೀಚರ್. ಕೈಗೆ ಗೊತ್ತಾಗ್ತದೆ. ಮತ್ತೆ, ಈ ಸ್ಕ್ರೂಗೂ ಎಣ್ಣೆಯ ಪ್ರೆಶರಿಗೂ ಸಂಬಂಧ ಇಲ್ಲ. ಇದು ಒಳಗಿನ ಗಿಯರಿನ ಹಲ್ಲು ಸಡಿಲಾದರೆ ಹತ್ತಿರ ಮಾಡುವುದು ಮಾತ್ರ." ಅವನ ಬಿಳಿ ಅಂಗಿಯ ಎದೆಯ ಮೇಲೆ ಅಂಗೈ ಅಗಲದ ಕಪ್ಪು ಕಲೆಯಾಗಿತ್ತು. ಅದನ್ನು ನೋಡಿ ಅತ್ತೆ ಚೀಲದಿಂದ ಎರಡು ಎಳ್ಳುಂಡೆ ತೆಗೆದು ಅವನ ಕೈಗಿಟ್ಟರು. ನನಗೆ ಕೊಡಲಿಲ್ಲ.

ಐದು ಗಂಟೆಗೆ ಹೊರಟೆವು. ಸ್ಟೇರಿಂಗ್ ಹೂವಿನ ಹಾಗೆ ತಿರುಗುತ್ತಿತ್ತು. ಅದನ್ನು ಸವಿಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪಶ್ಚಿಮದಲ್ಲಿ ಸೂರ್ಯ ಇಳಿಯುತ್ತಿದ್ದ, ಅತ್ತೆ ಪ್ರತಿ ತಿರುವಿನಲ್ಲೂ ಕಿಟಕಿಯಿಂದ ಬಗ್ಗಿ ಅವನನ್ನು ಅಳೆಯುತ್ತಿದ್ದರು. ಮೂಡುಬಿದಿರೆ ಪೇಟೆ ದಾಟಿ, ದೊಡ್ಡಮ್ಮನ ಮನೆಯ ಏರಿಗೆ ಫೋರ್ ವೀಲ್ ಹಾಕಿ ಹತ್ತಿದಾಗ ಆರಕ್ಕೆ ಹದಿನೈದು ನಿಮಿಷ ಇತ್ತು.

ದೊಡ್ಡಮ್ಮ ಜಗಲಿಯ ತುದಿಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಸುದರ್ಶನ ಅತ್ತೆಯನ್ನು 'ಚಿಕ್ಕಮ್ಮಾ' ಎಂದು ಕೈ ಹಿಡಿದು ಇಳಿಸಿದ. ಅಕ್ಕ ತಂಗಿ ಇಬ್ಬರೂ ನಾಲ್ಕು ಅಡಿ ದೂರದಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿದರು. ದೊಡ್ಡಮ್ಮ ತುಂಬಾ ಸಣ್ಣಗಾಗಿದ್ದರು. ಅತ್ತೆ ಎಳ್ಳುಂಡೆಯ ಚೀಲವನ್ನು ಎದೆಗೆ ಒತ್ತಿಕೊಂಡರು. ಯಾರಾದರೂ ಕಂಬದ ಮಾತು ಎತ್ತಿದರೆ ಮುಗಿಯಿತು.

"ಸ್ಟೇರಿಂಗ್ ಸರಿ ಆಯ್ತಾ?" ಎಂದರು ದೊಡ್ಡಮ್ಮ.

"ಅದು ಸರಿಯೇ ಇತ್ತಂತೆ" ಎಂದು ಅತ್ತೆ ಅಕ್ಕನ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಿದರು. "ಇವಳು ಸರಿ ಮಾಡಿ ಹಾಳು ಮಾಡಿದ್ದು."

"ಯಾರು? ಟೀಚರಾ?"

"ಹೂಂ. ವಿಜ್ಞಾನದ ಟೀಚರ್."

ದೊಡ್ಡಮ್ಮನ ಭುಜ ಮೊದಲು ಅಲುಗಿತು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ಅವರು ನಗತೊಡಗಿದರು. ಅತ್ತೆಯೂ ನಕ್ಕರು. ನಗುತ್ತಾ ಅಕ್ಕನ ಕೈ ಹಿಡಿದುಕೊಂಡರು, ನಗುತ್ತಲೇ ಇಬ್ಬರ ಕಣ್ಣಲ್ಲೂ ನೀರು ಬಂತು. "ಬಾ, ಬಾ, ಹೊತ್ತು ಮುಳುಗ್ತದೆ" ಎಂದು ದೊಡ್ಡಮ್ಮ ತಂಗಿಯನ್ನು ಒಳಗೆ ಕರೆದುಕೊಂಡು ಹೋದರು.

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಬಿಸಿ ಮಾಡಿದ ಅನ್ನ ಸಾರು ಉಂಡರು. ಉಣ್ಣುತ್ತಾ ಅತ್ತೆ ಎಲ್ಲವನ್ನೂ ಹೇಳಿದರು. ಸಿರಿಂಜು, ಲಿಲ್ಲಿ ಬಾಯಿಯ ಹೋಳು, ನವಿಲು, ಊರುಗೋಲು, ಒಂದನ್ನೂ ಬಿಡಲಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕುಕ್ಕರಿನ ವಾಲ್ವ್ ಬಿಚ್ಚಿದ್ದೂ ಬಂತು. ದೊಡ್ಡಮ್ಮ ನಡುನಡುವೆ ತುತ್ತು ಹಿಡಿದು, "ಪುನಃ ಹೇಳು" ಎನ್ನುತ್ತಿದ್ದರು. ಬಡಿಸುತ್ತಿದ್ದವಳು ನಾನು. ಕೈಯಲ್ಲಿ ಸೌಟು ಇದ್ದುದರಿಂದ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ.

ಈಗ ದಿನವೂ ಸಂಜೆ ಐದಕ್ಕೆ ಅಕ್ಕ ತಂಗಿ ಫೋನಿನಲ್ಲಿ ಮಾತಾಡುತ್ತಾರೆ. ದೊಡ್ಡಮ್ಮನಿಗೆ ಕೇಳಿಸಬೇಕೆಂದು ಅತ್ತೆ ಜಗಲಿಯಲ್ಲಿ ನಿಂತು ಕೂಗುತ್ತಾರೆ. ಅದು ಕೆಳಗೆ ಲಿಲ್ಲಿ ಬಾಯಿಯವರ ಅಂಗಳದವರೆಗೂ ಕೇಳಿಸುತ್ತದೆ. ನಿನ್ನೆ ನಾನು ಅಡುಗೆಮನೆಯ ನೆಲದಲ್ಲಿ ಹಳೆಯ ಪೇಪರ್ ಹಾಸಿ ಕೂತಿದ್ದಾಗಲೂ ಕೇಳಿಸಿತು.

"ಇವತ್ತಾ? ಇವತ್ತು ಮಿಕ್ಸಿ ಬಿಚ್ಚಿದ್ದಾಳೆ ಅಕ್ಕ. ಇಲ್ಲ, ತಿರುಗುವುದಿಲ್ಲ. ಒಂದು ಸ್ಕ್ರೂ ಉಳಿದಿದೆ ಅಂತ ಹುಡುಕ್ತಾ ಕೂತಿದ್ದಾಳೆ, ಎಲ್ಲಿಯದ್ದು ಅಂತ."

ಉಳಿದದ್ದು ಒಂದಲ್ಲ, ಮೂರು. ಆದರೆ ನಾನು ಅವರನ್ನು ತಿದ್ದಲು ಹೋಗಲಿಲ್ಲ.